ಕೆರೆದಂಡೆಯ ಶಿಬಿರ: ಸಂಭ್ರಮದ ಜತೆ ತಲೆಲೆಕ್ಕವೂ ಇರಲಿ

ಮಳೆಗಾಲ ಮುಗಿದು, ನವರಾತ್ರಿ ದೀಪಾವಳಿಗಳ ಗದ್ದಲವೂ ಇಳಿದು, ಮಹಾನಗರದಲ್ಲಿ ಬೆಳಗಿನ ಹೊತ್ತು ತುಸು ಚಳಿ ಕಾಣಿಸಿಕೊಂಡಿತೆಂದರೆ ನಮ್ಮ ಸಂಘ ಸಂಸ್ಥೆಗಳಲ್ಲಿ ವಿಹಾರಕೂಟದ ಮಾತು ಆರಂಭವಾಗುತ್ತದೆ. ಕೊಲಾಬಾದಿಂದ ವಿರಾರ್ ತನಕ, ಇತ್ತ ಠಾಣೆ, ಡೊಂಬಿವಲಿ, ನವಿ ಮುಂಬಯಿ ತನಕ ಹಬ್ಬಿಕೊಂಡಿರುವ ಕನ್ನಡ ಸಂಘಗಳು, ಸಮಾಜ ಸಂಘಟನೆಗಳು, ಅವುಗಳ ಸ್ಥಳೀಯ ಸಮಿತಿಗಳು ಎಲ್ಲವೂ ಕ್ರೀಡೋತ್ಸವ, ಅರಸಿನ ಕುಂಕುಮ, ವಾರ್ಷಿಕೋತ್ಸವಗಳ ನಡುವೆ ಒಂದು ಶನಿವಾರ ಭಾನುವಾರವನ್ನು ತಿರುಗಾಟಕ್ಕೆಂದು ತೆಗೆದಿಡುತ್ತವೆ. ಇದು ಒಳ್ಳೆಯದೇ. ವರ್ಷವಿಡೀ ಲೋಕಲ್ ರೈಲಿನಲ್ಲಿ ಜೋತುಬಿದ್ದು ಹೋಗಿಬರುವ ನಮ್ಮವರಿಗೆ ಎರಡು ದಿನ ಕಾಲುಚಾಚಿ ಕುಳಿತುಕೊಳ್ಳುವ ಅವಕಾಶ ಬೇಕೇ ಬೇಕು.

ಒಂದು ಕಾಲದಲ್ಲಿ ವಿಹಾರಕೂಟವೆಂದರೆ ಒಂದು ಹಗಲಿನ ಮಾತಾಗಿತ್ತು. ಭಾನುವಾರ ಬೆಳಿಗ್ಗೆ ಬಾಡಿಗೆ ಬಸ್ಸು, ಮಹಿಳಾ ವಿಭಾಗದವರು ಕಟ್ಟಿಕೊಂಡು ಬಂದ ಇಡ್ಲಿ ಚಟ್ನಿ, ಬೋರಿವಲಿಯ ರಾಷ್ಟ್ರೀಯ ಉದ್ಯಾನವೋ ಪೊವಾಯಿ ಕೆರೆಯ ದಂಡೆಯೋ ವಜ್ರೇಶ್ವರಿಯ ಬಿಸಿನೀರಿನ ಕುಂಡವೋ ಒಂದು ಜಾಗ. ಸಂಗೀತ ಕುರ್ಚಿ, ಹಗ್ಗಜಗ್ಗಾಟ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಮನೆ. ಮಕ್ಕಳಿಗೆ ದೋಣಿಯ ಆಸೆಯಿದ್ದರೆ ಠಾಣೆಯ ತಲಾವ್‌ಪಾಳಿಯಲ್ಲಿ ಒಂದು ಸುತ್ತು ಹಾಕಿಸಿದರೆ ಮುಗಿಯಿತು.

ಈಗ ಕಾಲ ಬದಲಾಗಿದೆ. ಯುವ ವಿಭಾಗದವರ ಬಾಯಲ್ಲಿ ಈಗ ಒಂದೇ ಹೆಸರು, ಪವನಾ. ಪುಣೆ ಜಿಲ್ಲೆಯ ಮಾವಳ ತಾಲೂಕಿನಲ್ಲಿ, ಲೋನಾವಳ ಮತ್ತು ಕಾಮ್‌ಶೇತ್ ಕಡೆಯಿಂದ ಒಳಗೆ ಹೋದರೆ ಸಿಗುವ ಜಲಾಶಯವದು. ಸುತ್ತಲೂ ಲೋಹಗಡ, ವಿಸಾಪುರ, ತುಂಗ, ತಿಕೋನಾ ಕೋಟೆಗಳ ಬೆಟ್ಟ, ಮಧ್ಯೆ ನೀರು, ದಂಡೆಯುದ್ದಕ್ಕೂ ಬಣ್ಣಬಣ್ಣದ ಟೆಂಟುಗಳು. ಶನಿವಾರ ಸಂಜೆ ತಲುಪಿದರೆ ಚಹಾ, ಪಕೋಡ, ದೋಣಿ ವಿಹಾರ, ರಾತ್ರಿ ಇದ್ದಲ ಮೇಲೆ ಸುಟ್ಟ ಪನೀರ್ ಕೋಳಿ, ಬೆಂಕಿಯ ಸುತ್ತ ಹಾಡು, ಟೆಂಟಿನಲ್ಲಿ ನಿದ್ರೆ, ಬೆಳಿಗ್ಗೆ ಪೋಹಾ ತಿಂದು ವಾಪಸು. ನೋಡಲು ಬಲು ಚೆಂದ. ಮುಂಬಯಿಯ ಕನ್ನಡಿಗರು ಮಾತ್ರವಲ್ಲ, ಇಡೀ ಮುಂಬಯಿ ಪುಣೆಗಳೇ ವಾರಾಂತ್ಯಕ್ಕೆ ಅಲ್ಲಿಗೆ ಹೋಗುತ್ತವೆ.

ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ಯುವ ವಿಭಾಗವೂ ಹೋಯಿತು. ಕೋಶಾಧಿಕಾರಿಯೆಂಬ ನೆಲೆಯಲ್ಲಿ ಹಣದ ಚೀಲದೊಂದಿಗೆ ನಾನೂ ಹೋಗಿದ್ದೆ. ಮಕ್ಕಳು ಹಿರಿಯರು ಸೇರಿ ಒಟ್ಟು 43 ಜನ. ಬರೆಯಲೋ ಬೇಡವೋ ಎಂದು ಇಷ್ಟು ದಿನ ಹಿಂದೆ ಮುಂದೆ ನೋಡಿದ ಸಂಗತಿಯೊಂದನ್ನು ಈ ವರ್ಷದ ಶಿಬಿರಗಳ ಪ್ರಕಟಣೆಗಳು ಬರತೊಡಗಿರುವ ಈ ಹೊತ್ತಿನಲ್ಲಿ ಬರೆಯುವುದೇ ಸರಿಯೆಂದು ತೋರಿತು.

ದೋಣಿಯವನು ತಲೆಗೆ 100 ರೂಪಾಯಿ ಹೇಳಿದ. ನಾಲ್ಕು ಸರದಿಯಲ್ಲಿ ಎಲ್ಲರನ್ನೂ ಸುತ್ತಿಸಿ ತರುತ್ತೇನೆ ಎಂದ. ಅವನ ದೋಣಿಯಲ್ಲಿ ಕೂರಲು 12 ಜಾಗ, ಅವನ ಬಳಿ ಇದ್ದ ಲೈಫ್ ಜಾಕೆಟ್ 11. ನಾಲ್ಕು ಸರದಿಯಾದರೆ ಲೆಕ್ಕ ಹೆಚ್ಚುಕಡಿಮೆ ಸರಿಯಾಗುತ್ತಿತ್ತು. ಆದರೆ ಚೌಕಾಸಿ ಮಾಡದಿದ್ದರೆ ನಾನು ಎಂಥ ಕೋಶಾಧಿಕಾರಿ? ಎಳೆದೂ ಎಳೆದೂ 70 ರೂಪಾಯಿಗೆ ಇಳಿಸಿದೆ. ಸಂಘಕ್ಕೆ 1,290 ರೂಪಾಯಿ ಉಳಿತಾಯ. ಅವನು ಸ್ವಲ್ಪ ಯೋಚಿಸಿ, "ಠೀಕ್ ಹೈ ಕಾಕಾ, ಮಗ್ ತೀನ್ ಫೇರೀ" ಎಂದ. ನಾಲ್ಕರ ಬದಲು ಮೂರು ಸರದಿ. ಡೀಸೆಲ್ ಖರ್ಚು ಅವನು ಎಲ್ಲಿಂದ ತಂದಾನು? ಆ ಮಾತಿನ ಅರ್ಥ ಆಗ ನನಗೆ ತಲೆಗೆ ಹೋಗಲಿಲ್ಲ.

ಮೊದಲ ಸರದಿಯಲ್ಲಿ 16 ಜನ ಹೋಗಿ ಬಂದರು. ಎರಡನೆಯದರಲ್ಲಿ 17 ಜನ ಹತ್ತಿದರು. ಅಷ್ಟು ಹೊತ್ತಿಗೆ ಸೂರ್ಯ ಬೆಟ್ಟದ ಹಿಂದೆ ಹೋಗಿದ್ದ. ನೀರಿನ ನಡುವೆ ಹೋದ ಮೇಲೆ ಇಂಜಿನ್ ನಿಂತಿತು. ದಂಡೆಯಿಂದ ನಮಗೆ ಕಾಣಿಸುತ್ತಿದ್ದುದು ಒಂದು ಕಪ್ಪು ಗೆರೆ ಮಾತ್ರ. ಸ್ವಲ್ಪ ಹೊತ್ತಿನಲ್ಲಿ ಅದೂ ಕಾಣಿಸದಾಯಿತು. ನೀರಿಗೆ ಬಿದ್ದೀತೆಂದು ಹೆಚ್ಚಿನವರು ಮೊಬೈಲನ್ನು ದಂಡೆಯಲ್ಲೇ ಬಿಟ್ಟುಹೋಗಿದ್ದರು. ಆಗ ನಮ್ಮ ಸದಸ್ಯೆಯೊಬ್ಬರು ಟೆಂಟುಗಳ ಕಡೆಯಿಂದ ಓಡಿಬಂದು ನನ್ನನ್ನು ಕೇಳಿದರು: "ಅಣ್ಣಾ, ನನ್ನ ಮಗಳು ದೋಣಿಯಲ್ಲಿದ್ದಾಳಾ?"

ನನಗೆ ಉತ್ತರ ಗೊತ್ತಿರಲಿಲ್ಲ.

ನನ್ನ ಕೈಚೀಲದಲ್ಲಿ 43 ಹೆಸರುಗಳ ಪಟ್ಟಿಯಿತ್ತು. ಯಾರು ಎಷ್ಟು ಕೊಟ್ಟರು, ಯಾರದು ಬಾಕಿ, ರಸೀದಿ ಸಂಖ್ಯೆ ಎಷ್ಟು ಎಲ್ಲವೂ ಇತ್ತು. ದೋಣಿಯಲ್ಲಿ ಯಾರಿದ್ದಾರೆ ಎಂಬುದು ಮಾತ್ರ ಇರಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವನು ನಾನು. ಹತ್ತು ರೂಪಾಯಿ ತಾಳೆಯಾಗದಿದ್ದರೂ ಕ್ಯಾಶ್ ಮುಚ್ಚದೆ ರಾತ್ರಿ ಎಂಟರ ತನಕ ಕುಳಿತ ದಿನಗಳಿವೆ. ಅಂಥವನು ಅಂದು ಹದಿನೇಳು ಜೀವಗಳನ್ನು ಎಣಿಸದೆ, ಬರೆದುಕೊಳ್ಳದೆ ನೀರಿಗೆ ಬಿಟ್ಟಿದ್ದೆ.

ದೇವರು ದೊಡ್ಡವನು. ಮುಕ್ಕಾಲು ಗಂಟೆಯ ಬಳಿಕ ಪಕ್ಕದ ಶಿಬಿರದ ದೋಣಿಯೊಂದು ಹೋಗಿ ನಮ್ಮವರನ್ನು ಎಳೆದುಕೊಂಡು ಬಂತು. ಎಲ್ಲರೂ ಕ್ಷೇಮ. ಆ ಒಂಬತ್ತು ವರ್ಷದ ಹುಡುಗಿ ದೋಣಿಯಲ್ಲೇ ಇದ್ದಳು. ಅವಳಿಗೂ ಒಂದು ಜಾಕೆಟ್ ಕೊಟ್ಟಿದ್ದರು. ಆದರೆ ಅದು ದೊಡ್ಡವರ ಅಳತೆಯದು, ತೊಟ್ಟರೆ ಜಾರುತ್ತಿತ್ತಂತೆ. ಅದಕ್ಕೆ ಅವಳು ಅದನ್ನು ಮಡಚಿ ಅದರ ಮೇಲೆ ಕುಳಿತಿದ್ದಳು. ಮೂರನೆಯ ಸರದಿ ಹೋಗಲಿಲ್ಲ. ಉಳಿದ ಹತ್ತು ಜನ ನಮಗೆ ಬೇಡವೇ ಬೇಡ ಎಂದರು. ಅರ್ಧ ಗಂಟೆಯಲ್ಲಿ ಹಾಡು ಶುರುವಾಯಿತು, ಊಟವಾಯಿತು, ಎಲ್ಲರೂ ನಕ್ಕರು. ಮುಂದಿನ ತಿಂಗಳ ಕಾರ್ಯಕಾರಿ ಸಮಿತಿ ಸಭೆಯಲ್ಲಿ ನಾನು ಖರ್ಚುವೆಚ್ಚ ಮಂಡಿಸಿದೆ. 1,290 ರೂಪಾಯಿ ಉಳಿಸಿದ್ದಕ್ಕಾಗಿ ಅಭಿನಂದನೆಯೂ ಸಂದಿತು. ದೋಣಿಯ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅದೇ ಲೆಕ್ಕದಲ್ಲಿ ಇನ್ನೊಂದು ಕಲಮೂ ಇತ್ತು, ಸಂಘದ ಲಾಂಛನವಿರುವ ಟೀ-ಶರ್ಟ್ 43. ಎಲ್ಲರ ಅಳತೆ ಕೇಳಿ, ಮಕ್ಕಳಿಗೆ ಮಕ್ಕಳ ಅಳತೆಯದನ್ನೇ ಹೊಲಿಸಿದ್ದೆವು.

ಇದನ್ನು ಬರೆದುದು ಯಾರನ್ನೂ ದೂರಲಿಕ್ಕಲ್ಲ. ದೂರುವುದಾದರೆ ಮೊದಲು ನನ್ನನ್ನೇ ದೂರಬೇಕು. ಆದರೆ ನಮಗೆ ಅಂದು ಒದಗಿದ ಅದೃಷ್ಟ ಎಲ್ಲರಿಗೂ ಒದಗಿಲ್ಲ ಎಂಬುದನ್ನು ಮರೆಯಬಾರದು. ಇದೇ ಪವನಾ ಜಲಾಶಯದಲ್ಲಿ 2024ರ ಡಿಸೆಂಬರ್‌ನಲ್ಲಿ ದೋಣಿಯಲ್ಲಿ ಹೋದ ಇಬ್ಬರು ಯುವಕರು ನೀರುಪಾಲಾದರು. ಅದೇ ವರ್ಷ ಜನವರಿ 18ರಂದು ಗುಜರಾತಿನ ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳ ದೋಣಿ ಮಗುಚಿ 12 ವಿದ್ಯಾರ್ಥಿಗಳು ಮತ್ತು ಇಬ್ಬರು ಶಿಕ್ಷಕಿಯರು ಸತ್ತರು. ಅದು ಸಮುದ್ರವಲ್ಲ, ಹೊಳೆಯಲ್ಲ, ಊರ ನಡುವಿನ ಕೆರೆ. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು, ಹೆಚ್ಚಿನ ಮಕ್ಕಳ ಮೈಮೇಲೆ ಜಾಕೆಟ್ ಇರಲಿಲ್ಲ.

ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಜನ ಸತ್ತರು. ಮೀನು ಹಿಡಿಯುವ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿ, ಕತ್ತಲಾದ ಮೇಲೂ ಜನ ತುಂಬಿಸಿ ಒಯ್ದಿದ್ದರು. ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ದಡದ ಕಾಡುಪ್ರಾಣಿಗಳನ್ನು ನೋಡಲೆಂದು ಪ್ರವಾಸಿಗರು ಒಂದೇ ಬದಿಗೆ ಸರಿದಾಗ ಎರಡು ಅಂತಸ್ತಿನ ದೋಣಿ ಮಗುಚಿ 45 ಜನ ಹೋದರು. ನಮ್ಮ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ಪ್ರಾಣ ಕಳೆದುಕೊಂಡರು. ಮುಂಬಯಿಗೆ ಹತ್ತಿರದ ಡಹಾಣುವಿನಲ್ಲಿ 2018ರ ಜನವರಿ 13ರಂದು ವಿದ್ಯಾರ್ಥಿಗಳ ದೋಣಿ ಮಗುಚಿ ಮೂವರು ಹುಡುಗಿಯರು ಸತ್ತರು.

ಊರು ಬೇರೆ, ನೀರು ಬೇರೆ, ಆದರೆ ಕಾರಣಗಳು ಮಾತ್ರ ಮತ್ತೆ ಮತ್ತೆ ಅವೇ. ಮಿತಿಗಿಂತ ಹೆಚ್ಚು ಜನ. ಮೈಮೇಲೆ ಇಲ್ಲದ ಜಾಕೆಟ್. ಹೊತ್ತು ಮುಳುಗಿದ ಮೇಲಿನ ಪಯಣ. ಎಲ್ಲರೂ ಎದ್ದು ಒಂದೇ ಬದಿಗೆ ವಾಲುವುದು. ನಮ್ಮ ಸಂಘದ ಆ ಸಂಜೆಯ ದೋಣಿಯಲ್ಲಿ ಇವುಗಳಲ್ಲಿ ಮೊದಲ ಮೂರೂ ಇದ್ದವು. ನಾಲ್ಕನೆಯದು ಮಾತ್ರ ಇರಲಿಲ್ಲ. ದೋಣಿಯವನು ಮರಾಠಿಯಲ್ಲಿ ಗದರಿಸಿ ಎಲ್ಲರನ್ನೂ ಕೂರಿಸಿದ್ದನಂತೆ. ನಾವು ಇಂದು ತಲೆಯೆತ್ತಿ ಓಡಾಡುತ್ತಿರುವುದು ಅವನ ಆ ಗದರಿಕೆಯಿಂದ.

ನಾವು ಕಡಲ ತಡಿಯವರು, ನಮಗೆ ನೀರೇನು ಹೊಸತೇ ಎಂದು ಹೇಳುವ ಹಿರಿಯರಿದ್ದಾರೆ. ಊರಲ್ಲಿ ಹೊಳೆಯಲ್ಲಿ ಈಜಿ ಬೆಳೆದವರು ಅವರು, ನಿಜ. ಆದರೆ ಅವರ ಮಕ್ಕಳು ಚಾಳಿನಲ್ಲಿ, ಮೊಮ್ಮಕ್ಕಳು ಕಟ್ಟಡದ ಹದಿನಾಲ್ಕನೆಯ ಮಾಳಿಗೆಯಲ್ಲಿ ಬೆಳೆದವರು. ನೀರೆಂದರೆ ಅವರಿಗೆ ನಲ್ಲಿ. ಅಲ್ಲದೆ ಪವನಾ ಎಂಬುದು ವಿಹಾರಕ್ಕೆಂದು ಕಟ್ಟಿದ ಕೆರೆಯೂ ಅಲ್ಲ. ಅದು ಪಿಂಪ್ರಿ ಚಿಂಚ್‌ವಡ್ ನಗರಕ್ಕೆ ಕುಡಿಯುವ ನೀರು ಕೊಡುವ ಅಣೆಕಟ್ಟಿನ ಹಿನ್ನೀರು. ಮಳೆಗಾಲ ಮುಗಿದಾಗ ತುಂಬಿರುತ್ತದೆ, ಬೇಸಗೆಗೆ ಇಳಿಯುತ್ತದೆ. ಮೇ ತಿಂಗಳಲ್ಲಿ ಮಕ್ಕಳು ಕ್ರಿಕೆಟ್ ಆಡಿದ ಜಾಗ ನವೆಂಬರಿನಲ್ಲಿ ನೀರಿನಡಿಯಲ್ಲಿರಬಹುದು. ಕೆಳಗಿರುವುದು ಹಳೆಯ ಹೊಲಗದ್ದೆಗಳ ಏರುತಗ್ಗಿನ ನೆಲ, ಹೂಳು. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತವನು ಎರಡು ಹೆಜ್ಜೆ ಮುಂದಿಟ್ಟರೆ ತಲೆ ಮುಳುಗುವಷ್ಟು ಆಳ ಸಿಕ್ಕೀತು. ಇಂಥಲ್ಲಿ ಈಜು ಬಲ್ಲವನಿಗೂ ಬಟ್ಟೆ ಭಾರ, ಚಳಿ, ಗಾಬರಿ ಮೂರೂ ಎದುರಾಳಿಗಳೇ. ದೋಣಿ ಮಗುಚಿದ ಮೇಲೆ ಜಾಕೆಟ್ ಹುಡುಕಿ ತೊಡುತ್ತೇನೆಂಬುದು ಕನಸಿನ ಮಾತು. ಅದು ಹತ್ತುವ ಮೊದಲೇ ಮೈಮೇಲಿರಬೇಕು, ಬಕಲ್ ಬಿಗಿದಿರಬೇಕು, ಮಗುವಿಗೆ ಮಗುವಿನ ಅಳತೆಯದೇ ಇರಬೇಕು.

ಇನ್ನು ಕೆಲವರ ಅಭಿಪ್ರಾಯವೇ ಬೇರೆ. ಭಜನೆ, ಪೂಜೆ, ಯಕ್ಷಗಾನ ಬಿಟ್ಟು ಸಂಘಕ್ಕೆ ಈ ಟೆಂಟಿನ ಉಸಾಬರಿ ಯಾಕೆ, ನಿಲ್ಲಿಸಿಬಿಡಿ ಎನ್ನುತ್ತಾರೆ. ಅವರ ಕಳಕಳಿ ಅರ್ಥವಾಗುತ್ತದೆ, ಆದರೆ ಒಪ್ಪಲಾಗದು. ನಮ್ಮ ವಾರ್ಷಿಕ ಮಹಾಸಭೆಗೆ ಬರುವ ತಲೆಗಳನ್ನು ನೋಡಿ, ಹೆಚ್ಚಿನವು ನರೆತವು. ಹೊಸ ತಲೆಮಾರು ಸಂಘದ ಕಡೆ ಸುಳಿಯುತ್ತಿಲ್ಲವೆಂದು ನಾವೇ ಪ್ರತೀ ಸಭೆಯಲ್ಲಿ ಮರುಗುತ್ತೇವೆ. ಆ ಶಿಬಿರದಲ್ಲಿ ಮಾತ್ರ ಇಪ್ಪತ್ತಕ್ಕೂ ಹೆಚ್ಚು ಯುವಕ ಯುವತಿಯರಿದ್ದರು. ಮನೆಯಲ್ಲಿ ಹಿಂದಿ ಇಂಗ್ಲಿಷ್ ಆಡುವ ಹುಡುಗರು ಬೆಂಕಿಯ ಸುತ್ತ ಕುಳಿತು ಕನ್ನಡ ಅಂತ್ಯಾಕ್ಷರಿ ಆಡಿದರು. ಪದ ಸಿಗದಾಗ ಹಿರಿಯರನ್ನು ಕೇಳಿದರು. ವೇದಿಕೆಯ ಭಾಷಣಗಳಿಂದ ಆಗದ ಕೆಲಸವದು. ನಾವು ನಿಲ್ಲಿಸಿದರೆ ಅವರ ತಿರುಗಾಟ ನಿಲ್ಲುವುದಿಲ್ಲ. ಗೆಳೆಯರೊಂದಿಗೆ ಅದೇ ಕೆರೆಗೆ ಹೋಗುತ್ತಾರೆ. ಆಗ ಜತೆಯಲ್ಲಿ ಒಬ್ಬ ಹಿರಿಯನೂ ಇರುವುದಿಲ್ಲ, ಮನೆಯವರಿಗೆ ತಿಳಿಸಬಲ್ಲ ಸಂಘವೂ ಇರುವುದಿಲ್ಲ. ಆದುದರಿಂದ ಶಿಬಿರ ನಡೆಯಲಿ, ಆದರೆ ಮದುವೆ ನಡೆಸುವಷ್ಟೇ ಕಾಳಜಿಯಿಂದ ನಡೆಯಲಿ.

ದೋಣಿಯವನ ಕಡೆಯನ್ನೂ ಒಂದಿಷ್ಟು ನೋಡಬೇಕು. ಪವನಾ ಅಣೆಕಟ್ಟಿಗಾಗಿ ಹೊಲ ಕಳೆದುಕೊಂಡ ಕುಟುಂಬಗಳು ಆ ಸುತ್ತಿನ ಹಳ್ಳಿಗಳಲ್ಲಿವೆ. ಅಲ್ಲಿಯ ನೀರನ್ನು ಕೊಳವೆಯಲ್ಲಿ ನಗರಕ್ಕೆ ಒಯ್ಯುವ ಯೋಜನೆಯ ವಿರುದ್ಧ 2011ರ ಆಗಸ್ಟ್ 9ರಂದು ಮಾವಳದ ರೈತರು ಹೆದ್ದಾರಿಗಿಳಿದಾಗ ಪೊಲೀಸ್ ಗುಂಡಿಗೆ ಮೂವರು ಬಲಿಯಾದರು. ಅಂಥ ನೆಲದಲ್ಲಿ ಟೆಂಟು, ದೋಣಿ ಇಟ್ಟುಕೊಂಡು ಬದುಕುವವರಿಗೆ ವರ್ಷದ ಸಂಪಾದನೆಯ ದೊಡ್ಡ ಪಾಲು ಈ ಕೆಲವು ತಿಂಗಳ ವಾರಾಂತ್ಯಗಳಿಂದ ಬರಬೇಕು. ಊರಿನ ಗದ್ದೆ ಬಿಟ್ಟು ಬಂದವರ ಮಕ್ಕಳಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ತಲೆಗೆ 30 ರೂಪಾಯಿ ಕಡಿಮೆ ಮಾಡಿದರೆ ಆ 30 ರೂಪಾಯಿ ಎಲ್ಲಿಂದಲೋ ಹೊರಡಲೇಬೇಕು. ನಮ್ಮ ವಿಷಯದಲ್ಲಿ ಅದು ಒಂದು ಸರದಿಯಿಂದ ಹೊರಟಿತು. ಹೋಟೆಲು ನಡೆಸುವ ನಮ್ಮ ಬಾಂಧವರಿಗೆ ಇದು ಚೆನ್ನಾಗಿ ಗೊತ್ತು. ಗಿರಾಕಿ ಪ್ಲೇಟಿನ ದರ ಇಳಿಸಿದರೆ ಪ್ಲೇಟಿನಲ್ಲಿರುವುದೂ ಇಳಿಯುತ್ತದೆ. ಆದುದರಿಂದ ಊಟದಲ್ಲಿ, ಧ್ವನಿವರ್ಧಕದಲ್ಲಿ ಬೇಕಾದರೆ ಚೌಕಾಸಿ ಮಾಡೋಣ, ದೋಣಿಯಲ್ಲಿ ಬೇಡ.

ಹಾಗಾದರೆ ಸಂಘಗಳು ಮಾಡಬೇಕಾದುದೇನು? ನನಗೆ ತೋಚಿದ ಕೆಲವು ಮಾತುಗಳನ್ನು ಸೂಚನೆಗಳ ರೂಪದಲ್ಲಿ ಮುಂದಿಡುತ್ತೇನೆ.

ಮೊದಲನೆಯದು, ತಲೆಲೆಕ್ಕ. ಪ್ರತೀ ಸರದಿಗೆ ದೋಣಿ ಹತ್ತುವವರ ಹೆಸರನ್ನು ದಂಡೆಯಲ್ಲಿ ನಿಂತ ಒಬ್ಬ ಪದಾಧಿಕಾರಿ ಬರೆದುಕೊಳ್ಳಬೇಕು, ಇಳಿದಾಗ ಗುರುತು ಹಾಕಬೇಕು. ಒಂದು ಹಾಳೆ, ಒಂದು ಪೆನ್ನು ಸಾಕು. ಇದಕ್ಕೆ ಪೈಸೆ ಖರ್ಚಿಲ್ಲ.

ಎರಡನೆಯದು, ಜಾಕೆಟ್ ಎಷ್ಟೋ ಜನ ಅಷ್ಟು. ಹನ್ನೊಂದು ಜಾಕೆಟ್ ಇದ್ದರೆ ಹನ್ನೊಂದೇ ಜನ, ಆ ಹನ್ನೊಂದರಲ್ಲಿ ದೋಣಿಯವನೂ ಸೇರಿ. ಫೋಟೋಕ್ಕಾಗಿ ಬಿಚ್ಚುವ ಹಾಗಿಲ್ಲ. ಮಕ್ಕಳ ಅಳತೆಯದು ಸಿಗದಿದ್ದರೆ ಮಕ್ಕಳಿಗೆ ದೋಣಿ ಇಲ್ಲ. ಸಾಧ್ಯವಾದರೆ ಒಂದು ಉಪನಗರದ ನಾಲ್ಕೈದು ಸಂಘಗಳು ಸೇರಿ ಇಪ್ಪತ್ತು ಒಳ್ಳೆಯ ಜಾಕೆಟ್‌ಗಳನ್ನು, ಅವುಗಳಲ್ಲಿ ಮಕ್ಕಳದನ್ನೂ ಸೇರಿಸಿ, ಕೊಂಡು ಇಟ್ಟುಕೊಳ್ಳಲಿ. ವಾರ್ಷಿಕೋತ್ಸವಗಳಲ್ಲಿ ನಾವು ಹೊದಿಸುವ ಶಾಲು, ಹಾರ, ಪೇಟ, ಸ್ಮರಣಿಕೆಗಳಲ್ಲಿ ಒಂದಿಷ್ಟು ಕಡಿಮೆ ಮಾಡಿದರೆ ಈ ಹಣ ಹೊರಡದೆ ಇರದು. ಸನ್ಮಾನಿತರು ಇದಕ್ಕೆ ಬೇಸರಿಸಲಿಕ್ಕಿಲ್ಲ.

ಮೂರನೆಯದು, ಹೊತ್ತು. ದೋಣಿ ವಿಹಾರ ಹಗಲಿನಲ್ಲೇ ಮುಗಿಯಲಿ, ಸಂಜೆ ಐದರ ಮೇಲೆ ಬೇಡ. ಲೋನಾವಳದ ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿ ತಡವಾದರೆ ಅಂದಿನ ದೋಣಿ ರದ್ದು, ಮರುದಿನ ಬೆಳಿಗ್ಗೆ ನೋಡೋಣ. ಗಾಳಿ ಎದ್ದರೂ ಅಷ್ಟೇ.

ನಾಲ್ಕನೆಯದು, ಪರವಾನಿಗೆ. ದೋಣಿಗೆ ನೋಂದಣಿ ಇದೆಯೇ, ಎಷ್ಟು ಜನರ ಮಿತಿ, ಇಂಜಿನ್ ಕೆಟ್ಟರೆ ಎಳೆದುತರಲು ಇನ್ನೊಂದು ದೋಣಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿದೆ, 2021ರಲ್ಲಿ ಒಳನಾಡಿನ ಹಡಗು ದೋಣಿಗಳಿಗೆ ಹೊಸ ಕಾಯ್ದೆಯೂ ಬಂದಿದೆ. ಆದರೆ ಕಾನೂನು ದಿಲ್ಲಿಯಲ್ಲಿ, ದೋಣಿ ಮಾವಳದಲ್ಲಿ. ನಡುವೆ ಕೇಳಬೇಕಾದವರು ನಾವು. ಗೇಟ್‌ವೇ ಬಳಿ 2024ರ ಡಿಸೆಂಬರ್ 18ರಂದು ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು 15 ಜೀವ ಹೋದ ಮೇಲೆ ಅಲ್ಲಿ ಜಾಕೆಟ್ ಕಡ್ಡಾಯವಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ನಮ್ಮದೂ ಆಗಬಾರದು.

ಐದನೆಯದು, ಮದ್ಯ ಮತ್ತು ಈಜು. ಸಂಘದ ಶಿಬಿರದಲ್ಲಿ ಮದ್ಯ ಇರಕೂಡದು. ಕದ್ದುಮುಚ್ಚಿ ಕುಡಿದವನಿಗೆ ನೀರಿನ ಬಳಿ ಪ್ರವೇಶವಿಲ್ಲ, ಅವನು ಯಾವ ಪದಾಧಿಕಾರಿಯ ಮಗನೇ ಆಗಿರಲಿ. ಅಣೆಕಟ್ಟಿನ ಹಿನ್ನೀರಿನಲ್ಲಿ ಈಜುವುದು ಎಲ್ಲರಿಗೂ ನಿಷಿದ್ಧ.

ಆರನೆಯದು ನೀರಿನದಲ್ಲ, ಬೆಂಕಿಯದು. ರಾತ್ರಿ ಚಳಿಯೆಂದು ಉರಿಯುವ ಇದ್ದಲ ಸಿಗಡಿಯನ್ನು ಟೆಂಟಿನೊಳಗೆ ತಂದಿಟ್ಟು ಮಲಗುವವರಿದ್ದಾರೆ. ಮುಚ್ಚಿದ ಟೆಂಟಿನಲ್ಲಿ ಇದ್ದಲಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳದೇ ಹೋಗಬಹುದು. ಒಂದು ಕಂಬಳಿ ಹೆಚ್ಚು ಒಯ್ದರೆ ಈ ಅಪಾಯವೇ ಇಲ್ಲ.

ಕೊನೆಯದಾಗಿ, ಹೊರಡುವ ಮೊದಲೇ ಪ್ರತಿಯೊಬ್ಬರ ಮನೆಯ ದೂರವಾಣಿ ಸಂಖ್ಯೆ, ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂಬ ಮಾಹಿತಿ, ಪೊಲೀಸ್ ನೆರವಿಗೆ 112, ಆಂಬುಲೆನ್ಸ್‌ಗೆ 108 ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎರಡು ಪ್ರತಿ ಮಾಡಲಿ. ಒಂದು ಶಿಬಿರದಲ್ಲಿ, ಇನ್ನೊಂದು ಮುಂಬಯಿಯಲ್ಲಿ ಉಳಿದ ಪದಾಧಿಕಾರಿಯ ಬಳಿ.

ಇವು ದೊಡ್ಡ ಮಾತುಗಳೇನಲ್ಲ. ಬ್ಯಾಂಕಿನಲ್ಲಿ ಹೊಸದಾಗಿ ಸೇರಿದ ಕ್ಲಾರ್ಕಿಗೆ ಮೊದಲ ದಿನ ಹೇಳಿಕೊಡುವ ಪಾಠವಿದು: ಎಣಿಸದೆ ತೆಗೆದುಕೊಳ್ಳಬೇಡ, ಎಣಿಸದೆ ಕೊಡಬೇಡ. ನೋಟಿನ ವಿಷಯದಲ್ಲಿ ಈ ಪಾಠವನ್ನು ಮೂರು ದಶಕ ಪಾಲಿಸಿದ ನಾನು ಮಕ್ಕಳ ವಿಷಯದಲ್ಲಿ ಒಂದು ಸಂಜೆ ಮರೆತೆ. ಮಗಳನ್ನು, ಮಗನನ್ನು ಸಂಘದ ಹೆಸರಿನ ಮೇಲೆ ನಂಬಿ ಕಳಿಸುವ ತಂದೆತಾಯಂದಿರು ನಮ್ಮಲ್ಲಿ ಇಡುವ ಠೇವಣಿಗೆ ರಸೀದಿ ಇಲ್ಲ. ಅದನ್ನು ಹಾಗೆಯೇ ಮರಳಿ ಒಪ್ಪಿಸುವುದೊಂದೇ ನಮ್ಮ ಬಾಧ್ಯತೆ.

ನಮ್ಮ ಸಂಘದ ಕಾರ್ಯಕಾರಿ ಸಮಿತಿ ಈ ತಿಂಗಳ ಕೊನೆಯಲ್ಲಿ ಸೇರಲಿದೆ. ಈ ವರ್ಷದ ಶಿಬಿರದ ವಿಷಯವೂ ಕಾರ್ಯಸೂಚಿಯಲ್ಲಿದೆ. ಅಂದು ನಾನು ಕಳೆದ ವರ್ಷ ಎತ್ತದ ಮಾತನ್ನು ಎತ್ತಲಿದ್ದೇನೆ. ಆ 1,290 ರೂಪಾಯಿಯನ್ನು ಮಕ್ಕಳ ಅಳತೆಯ ಜಾಕೆಟ್‌ಗಳ ಮೊದಲ ದೇಣಿಗೆಯಾಗಿ ಬರೆಯಬೇಕೆಂದು ವಿನಂತಿಸಿಕೊಳ್ಳಲಿದ್ದೇನೆ. ಇತರ ಸಂಘ ಸಂಸ್ಥೆಗಳೂ ತಮ್ಮ ತಮ್ಮ ಸಭೆಗಳಲ್ಲಿ ಈ ಕುರಿತು ಚಿಂತಿಸಲಿ, ನಿರ್ಣಯ ಕೈಗೊಳ್ಳಲಿ. ಕೆರೆದಂಡೆಯಲ್ಲಿ ಹಾಡು ಇರಲಿ, ಬೆಂಕಿ ಇರಲಿ, ದೋಣಿಯೂ ಇರಲಿ. ಆದರೆ ಯಾವ ತಾಯಿಯೇ ಆಗಲಿ ಓಡಿಬಂದು "ಅಣ್ಣಾ, ನನ್ನ ಮಗಳು ದೋಣಿಯಲ್ಲಿದ್ದಾಳಾ?" ಎಂದು ಕೇಳಿದರೆ ದಂಡೆಯಲ್ಲಿ ನಿಂತವನ ಕೈಯ ಹಾಳೆಯಲ್ಲಿ ಉತ್ತರ ಬರೆದಿರಲಿ.